ನೆಲದ ಋಣ, ಅರಿವಿನ ಅಧಿಕಾರ

ಒಬ್ಬರ ಹೊಲದಲ್ಲಿ ಬೆಳೆದ ಧಾನ್ಯವನ್ನು ಉಂಡವನು ಅವರಿಗೆ ಋಣಿಯಾಗುತ್ತಾನೆ. ಇದನ್ನು ಒಪ್ಪುವುದಕ್ಕೆ ಯಾರಿಗೂ ತರ್ಕ ಬೇಕಾಗಿಲ್ಲ. ಒಬ್ಬರ ನೆಲದಲ್ಲಿ ದೊರೆತ ತಿಳಿವನ್ನು ಪಡೆದವನೂ ಹಾಗೆಯೇ ಋಣಿಯಾಗುತ್ತಾನೆಯೇ ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಸುಲಭವಲ್ಲ. ಧಾನ್ಯವನ್ನು ಒಬ್ಬನು ಉಂಡರೆ ಇನ್ನೊಬ್ಬನಿಗೆ ಅದು ಇಲ್ಲವಾಗುತ್ತದೆ. ತಿಳಿವು ಹಂಚಿದ ಮೇಲೂ ಉಳಿಯುತ್ತದೆ. ಹೀಗಿರುವಾಗ ಯಾರಿಂದ ಏನು ಕಳೆಯಿತು, ಯಾರು ಯಾರಿಗೆ ಏನನ್ನು ಹಿಂದಿರುಗಿಸಬೇಕು ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ವಿದ್ಯಾಕ್ಷೇತ್ರವನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಲೇಸು. ಮಾನವನ ಮೂಲವನ್ನು ಅರಸುವ ಶಾಸ್ತ್ರವು ಅದಕ್ಕೆ ತಕ್ಕ ಉದಾಹರಣೆಯಾಗಿದೆ.

ಈ ಶಾಸ್ತ್ರದ ಬಹುಮುಖ್ಯ ಆಧಾರಗಳು ಪೂರ್ವ ಆಫ್ರಿಕದ ರಿಫ್ಟ್ ಕಣಿವೆಯಲ್ಲಿವೆ. ಇಥಿಯೋಪಿಯ, ಕೀನ್ಯಾ, ಟಾಂಜಾನಿಯಾ ದೇಶಗಳ ಮೂಲಕ ಹಾದುಹೋಗುವ ಈ ಸೀಳುಕಣಿವೆಯಲ್ಲಿ ನೆಲವು ಕುಸಿದು, ನದಿ ಸರೋವರಗಳ ಹೂಳು ತುಂಬಿ, ನಡುನಡುವೆ ಜ್ವಾಲಾಮುಖಿಗಳ ಬೂದಿ ಪದರಪದರವಾಗಿ ಬಿದ್ದಿದೆ. ಹೂಳು ಎಲುಬುಗಳನ್ನು ಕಾಪಾಡಿತು. ಬೂದಿಯ ಹರಳುಗಳಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ಅತಿ ನಿಧಾನವಾಗಿ ಆರ್ಗಾನ್ ಅನಿಲವಾಗಿ ಮಾರ್ಪಡುವುದರಿಂದ, ಆ ಅನಿಲವನ್ನು ಅಳೆದು ಪದರದ ವಯಸ್ಸನ್ನು ನಿರ್ಣಯಿಸಲು ಸಾಧ್ಯವಾಗುತ್ತದೆ. ಕಾಲಾಂತರದಲ್ಲಿ ಮಳೆಯು ಈ ಪದರಗಳನ್ನು ಕೊರೆದಾಗ ಲಕ್ಷಾಂತರ ವರ್ಷಗಳ ಹಿಂದಿನ ಎಲುಬುಗಳು ಬಿಸಿಲಿಗೆ ಬರುತ್ತವೆ. ಇಷ್ಟು ದೊಡ್ಡ ಸಂಪತ್ತನ್ನು ಮಡಿಲಲ್ಲಿಟ್ಟುಕೊಂಡ ದೇಶಗಳಲ್ಲಿ ಬಹುಕಾಲ ಅದನ್ನು ಓದಬಲ್ಲ ವಿದ್ಯಾಲಯಗಳಿರಲಿಲ್ಲ. ಓದಬಲ್ಲವರು ಯುರೋಪಿನಿಂದಲೂ ಅಮೆರಿಕದಿಂದಲೂ ಬಂದರು. ಕಂಡದ್ದನ್ನು ಬರೆದರು, ಎಷ್ಟೋ ಬಾರಿ ಕಂಡದ್ದನ್ನು ಕೊಂಡೊಯ್ದರು.

ರಿಫ್ಟ್ ಕಣಿವೆಯ ಮಹಾಶೋಧಗಳಿಗೂ ಮೊದಲೇ, ಆಫ್ರಿಕದ ದಕ್ಷಿಣಕ್ಕೆ ನಡೆದ ಒಂದು ಸಂಗತಿಯಿಂದ ಈ ಕಥೆ ಮೊದಲಾಗುತ್ತದೆ. 1921ರಲ್ಲಿ ಅಂದಿನ ಉತ್ತರ ರೊಡೇಷಿಯದ ಬ್ರೋಕನ್ ಹಿಲ್ ಎಂಬಲ್ಲಿ ಗಣಿ ಅಗೆಯುತ್ತಿದ್ದಾಗ ಒಂದು ಪುರಾತನ ತಲೆಬುರುಡೆ ದೊರೆಯಿತು. ಅದನ್ನು ಲಂಡನ್ನಿಗೆ ಕಳುಹಿಸಲಾಯಿತು. ಅಲ್ಲಿನ ವಿದ್ವಾಂಸ ಆರ್ಥರ್ ಸ್ಮಿತ್ ವುಡ್‌ವರ್ಡ್ ಅದೇ ವರ್ಷ ಅದಕ್ಕೊಂದು ಶಾಸ್ತ್ರೀಯ ನಾಮಕರಣ ಮಾಡಿದರು. ಅದರ ವಯಸ್ಸು ಸುಮಾರು 3 ಲಕ್ಷ ವರ್ಷಗಳೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಬ್ರೋಕನ್ ಹಿಲ್ ಇಂದು ಜಾಂಬಿಯದ ಕಬ್ವೆ ನಗರ. ಜಾಂಬಿಯವು ಸ್ವತಂತ್ರವಾದ ಮೇಲೆ ಆ ಬುರುಡೆಯನ್ನು ಮರಳಿ ಕೇಳುತ್ತಲೇ ಬಂದಿದೆ. ಬುರುಡೆಯು ಅಗೆದ ನೆಲಕ್ಕೆ ಸೇರಿದ್ದೋ, ಅದನ್ನು ಶತಮಾನಕಾಲ ಕಾಪಾಡಿದ ಸಂಗ್ರಹಾಲಯಕ್ಕೆ ಸೇರಿದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ.

ಕಾಲ ಬದಲಾಗಿದೆ ಎಂಬುದನ್ನು ಒಪ್ಪಲೇಬೇಕು. 1974ರ ನವೆಂಬರಿನಲ್ಲಿ ಇಥಿಯೋಪಿಯದ ಅಫಾರ್ ಪ್ರದೇಶದ ಹದಾರ್‌ನಲ್ಲಿ ಡೊನಾಲ್ಡ್ ಜೋಹಾನ್ಸನ್ ಅವರ ತಂಡಕ್ಕೆ ಸುಮಾರು 32 ಲಕ್ಷ ವರ್ಷಗಳಷ್ಟು ಹಳೆಯ ಅಸ್ಥಿಪಂಜರವೊಂದು ದೊರೆಯಿತು. ಪ್ರಪಂಚವು ಅದನ್ನು ‘ಲೂಸಿ’ ಎಂದು ಕರೆಯಿತು. ಇಥಿಯೋಪಿಯದವರು ‘ದಿಂಕಿನೆಶ್’ ಎನ್ನುತ್ತಾರೆ, ‘ನೀನು ಅದ್ಭುತಳು’ ಎಂಬುದು ಅದರ ಅರ್ಥ. ಅಧ್ಯಯನಕ್ಕಾಗಿ ಅದನ್ನು ಅಮೆರಿಕಕ್ಕೆ ಒಯ್ದರಾದರೂ ಒಪ್ಪಂದದಂತೆ ಕೆಲವು ವರ್ಷಗಳಲ್ಲಿ ಹಿಂದಿರುಗಿಸಿದರು. ಇಂದು ಅದು ಆಡಿಸ್ ಅಬಾಬಾದ ರಾಷ್ಟ್ರೀಯ ಸಂಗ್ರಹಾಲಯದ ಸ್ವತ್ತು. ಇನ್ನೊಂದು ಖಂಡದಲ್ಲಿ, 1891ರಲ್ಲಿ ಯೂಜೀನ್ ಡ್ಯುಬುವಾ ಜಾವಾ ದ್ವೀಪದಲ್ಲಿ ಕಂಡುಹಿಡಿದು ಕೊಂಡೊಯ್ದ ಬುರುಡೆಯ ಭಾಗವೂ ಸೇರಿದಂತೆ 28,000ಕ್ಕೂ ಹೆಚ್ಚಿನ ಪಳೆಯುಳಿಕೆಗಳನ್ನು ಇಂಡೊನೇಷಿಯಕ್ಕೆ ಮರಳಿಸಲು ನೆದರ್ಲೆಂಡ್ಸ್ ಸರ್ಕಾರವು 2025ರಲ್ಲಿ ನಿರ್ಧರಿಸಿತು. ತಕ್ಕ ಕಾರಣವಿಲ್ಲದೆ ಮಾನವಮೂಲದ ಪಳೆಯುಳಿಕೆಗಳನ್ನು ಅವು ದೊರೆತ ದೇಶದಿಂದ ಹೊರಗೆ ಸಾಗಿಸಬಾರದೆಂದು ವಿದ್ವಾಂಸರೇ ಒಮ್ಮತಕ್ಕೆ ಬಂದಿದ್ದಾರೆ.

ಎಲುಬು ಮರಳಿದರೆ ಋಣ ತೀರಿತೇ? ಇದೇ ಈ ಲೇಖನದ ಮುಖ್ಯ ಪ್ರಶ್ನೆ. ಪೆಟ್ಟಿಗೆಯಲ್ಲಿರುವ ಎಲುಬು ತಾನಾಗಿ ಮಾತನಾಡುವುದಿಲ್ಲ. ಅದರ ಕೀಲಿನ ವಕ್ರತೆಯನ್ನು ಅಳೆದು, ಹಲ್ಲಿನ ಸವೆತವನ್ನು ಇತರ ನೂರು ಹಲ್ಲುಗಳೊಡನೆ ಹೋಲಿಸಿ, ಇದು ಎದ್ದು ನಡೆದ ಜೀವಿಯದು ಅಥವಾ ಅಲ್ಲ ಎಂದು ನಿರ್ಣಯಿಸುವವನು ಬೇಕು. ಆ ನಿರ್ಣಯದ ಅಧಿಕಾರವು ಸದಾ ಹೊರಗಿನವರಲ್ಲಿಯೇ ಉಳಿದರೆ, ನೆಲದ ಮಕ್ಕಳು ತಮ್ಮ ಮನೆಯ ಭಂಡಾರಕ್ಕೆ ಕಾವಲುಗಾರರಾಗುತ್ತಾರೆಯೇ ಹೊರತು ಅದನ್ನು ಬಲ್ಲವರಾಗುವುದಿಲ್ಲ.

ಈ ಅಂತರವು ಒಬ್ಬ ವ್ಯಕ್ತಿಯ ಬಾಳಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೀನ್ಯಾದ ಕಮೋಯಾ ಕಿಮೆಯು ಅವರು 1960ರಲ್ಲಿ ಲೀಕಿ ಕುಟುಂಬದವರ ಉತ್ಖನನದಲ್ಲಿ ಕೂಲಿಯಾಳಾಗಿ ಸೇರಿದರು. ಅವರ ಶಾಲಾಶಿಕ್ಷಣ ಅಲ್ಪ, ಕಣ್ಣು ಅಸಾಧಾರಣ. 1964ರಲ್ಲಿ ಟಾಂಜಾನಿಯದ ಪೆನಿಂಜ್‌ನಲ್ಲಿ ಒಂದು ಪುರಾತನ ದವಡೆಯನ್ನು ಅವರೇ ಕಂಡರು. 1984ರಲ್ಲಿ ಕೀನ್ಯಾದ ತುರ್ಕಾನಾ ಸರೋವರದ ಪಶ್ಚಿಮಕ್ಕೆ, ಕಪ್ಪು ಕಲ್ಲುಹರಳುಗಳ ನಡುವೆ ಅದೇ ಬಣ್ಣದ, ಬೆಂಕಿಪೊಟ್ಟಣದಷ್ಟು ಚಿಕ್ಕ ಬುರುಡೆಯ ಚೂರೊಂದನ್ನು ಅವರು ಗುರುತಿಸಿದರು. ಅಲ್ಲಿ ಅಗೆದಾಗ ಸುಮಾರು 15 ಲಕ್ಷ ವರ್ಷಗಳ ಹಿಂದಿನ ಬಾಲಕನೊಬ್ಬನ ಬಹುಮಟ್ಟಿಗೆ ಪೂರ್ಣವಾದ ಅಸ್ಥಿಪಂಜರ ಹೊರಬಂದಿತು. ಅದರಷ್ಟು ಸಮಗ್ರವಾದ ಆ ಕಾಲದ ಪಳೆಯುಳಿಕೆ ಅದುವರೆಗೆ ಯಾರಿಗೂ ದೊರೆತಿರಲಿಲ್ಲ. 1985ರಲ್ಲಿ ಆ ಶೋಧವನ್ನು ಜಗತ್ತಿಗೆ ಸಾರಿದ ಪ್ರಬಂಧಕ್ಕೆ ನಾಲ್ವರು ಲೇಖಕರು. ಕಿಮೆಯು ಅವರ ಹೆಸರು ಆ ನಾಲ್ವರಲ್ಲಿ ಇಲ್ಲ.

ಅವರಿಗೆ ಮನ್ನಣೆಯೇ ದೊರೆಯಲಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಅದೇ 1985ರಲ್ಲಿ ಅಮೆರಿಕದ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಪದಕವನ್ನು ಅವರು ರಾಷ್ಟ್ರಾಧ್ಯಕ್ಷ ರೇಗನ್ ಅವರ ಕೈಯಿಂದ ಸ್ವೀಕರಿಸಿದರು. ಎರಡು ಪ್ರಾಚೀನ ವಾನರ ಪ್ರಭೇದಗಳಿಗೆ ಅವರ ಹೆಸರನ್ನಿಟ್ಟಿದ್ದಾರೆ. 2021ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಮರುವರ್ಷ ಅವರು ತೀರಿಕೊಂಡರು. ಅವರೊಡನೆ ದುಡಿದ ವಿದ್ವಾಂಸರು ಅವರನ್ನು ಪ್ರೀತಿಯಿಂದಲೂ ಗೌರವದಿಂದಲೂ ಕಂಡರು. ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ನೋಡುವ ಕಣ್ಣು ಒಬ್ಬರದು, ಬರೆಯುವ ಲೇಖನಿ ಇನ್ನೊಬ್ಬರದು ಎಂಬ ಶ್ರಮವಿಭಾಗವು ಯಾವ ಪ್ರಕೃತಿನಿಯಮವೂ ಆಗಿರಲಿಲ್ಲ. ಯಾವನಿಗೆ ಶಾಲೆ ದೊರೆಯಿತು, ಯಾವನಿಗೆ ದೊರೆಯಲಿಲ್ಲ ಎಂಬುದರಿಂದ ಅದು ಹುಟ್ಟಿತು. ಸಂಬಳ, ಪದಕ, ಸ್ನೇಹ ಇವೆಲ್ಲ ಒಳ್ಳೆಯವೇ. ಇವುಗಳಲ್ಲಿ ಯಾವುದೂ ವಿದ್ಯೆಯ ಸ್ಥಾನವನ್ನು ತುಂಬಲಾರದು.

ಇನ್ನೊಂದು ದಾರಿಯನ್ನು ಇಥಿಯೋಪಿಯದಲ್ಲಿ ಕಾಣಬಹುದು. 1982ರಲ್ಲಿ ಅಲ್ಲಿನ ಸರ್ಕಾರವು ವಿದೇಶೀಯರ ಪಳೆಯುಳಿಕೆ ಸಂಶೋಧನೆಯನ್ನು ತಡೆಹಿಡಿದು ನಿಯಮಗಳನ್ನು ಪುನರ್ವಿಮರ್ಶಿಸತೊಡಗಿತು. ಹಲವು ವರ್ಷ ಕ್ಷೇತ್ರಕಾರ್ಯ ನಿಂತುಹೋಯಿತು. ಹೊರಗಿನ ಅನೇಕರಿಗೆ ಇದು ವಿದ್ಯೆಗೆ ಒಡ್ಡಿದ ಅಡ್ಡಿಯೆಂದು ತೋರಿದುದು ಸಹಜ. ಅದೇ ಅವಧಿಯಲ್ಲಿ ಆಡಿಸ್ ಅಬಾಬಾದಲ್ಲಿ ಭೂವಿಜ್ಞಾನ ಓದಿದ್ದ ಬರ್ಹಾನೆ ಆಸ್ಫಾ ಎಂಬ ಯುವಕರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದರು. 1981ರಲ್ಲಿ ಅಫಾರ್‌ನ ಬೆಲೊಹ್ಡೆಲಿ ಎಂಬಲ್ಲಿ ಸಿಕ್ಕಿದ್ದ ಹಣೆಯೆಲುಬಿನ ಚೂರುಗಳನ್ನು ಅಭ್ಯಸಿಸಿ 1987ರಲ್ಲಿ ಅವರು ಪ್ರಬಂಧ ಪ್ರಕಟಿಸಿದರು. 1988ರಲ್ಲಿ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದರು. ಬಳಿಕ ದೇಶದ ರಿಫ್ಟ್ ಕಣಿವೆಯ ನೆಲೆಗಳನ್ನೆಲ್ಲ ಕ್ರಮವಾಗಿ ಸಮೀಕ್ಷಿಸುವ ಕಾರ್ಯವನ್ನು ನಡೆಸಿದರು. ಆ ಸಮೀಕ್ಷೆಯಿಂದಲೇ 1991ರಲ್ಲಿ ದಕ್ಷಿಣ ಇಥಿಯೋಪಿಯದ ಕೊನ್ಸೊ ನೆಲೆ ಬೆಳಕಿಗೆ ಬಂದಿತು. 1999ರಲ್ಲಿ ಸುಮಾರು 25 ಲಕ್ಷ ವರ್ಷಗಳ ಹಿಂದಿನ ‘ಆಸ್ಟ್ರಲೋಪಿಥೆಕಸ್ ಗಾರ್ಹಿ’ ಎಂಬ ಹೊಸ ಪ್ರಭೇದವನ್ನು ಜಗತ್ತಿಗೆ ಪರಿಚಯಿಸಿದ ಪ್ರಬಂಧದಲ್ಲಿ ಮೊದಲನೆಯ ಹೆಸರು ಬರ್ಹಾನೆ ಆಸ್ಫಾ ಅವರದು. ಅದರ ಬುರುಡೆಯನ್ನು ಕಂಡವರು ಅವರ ದೇಶದವರೇ ಆದ ಯೋಹಾನ್ನೆಸ್ ಹೈಲೆ ಸೆಲಾಸಿ. ಕಣ್ಣು ಮತ್ತು ಲೇಖನಿ ಇಲ್ಲಿ ಒಂದೇ ನೆಲದವರಲ್ಲಿ ಕೂಡಿದುವು.

ತರಬೇತಿ ಎಂಬ ಮಾತನ್ನು ನಾವು ಹಗುರವಾಗಿ ಬಳಸುತ್ತೇವೆ. ಹತ್ತು ದಿನಗಳ ಶಿಬಿರ, ಕೊನೆಗೊಂದು ಪ್ರಮಾಣಪತ್ರ, ಒಂದು ಛಾಯಾಚಿತ್ರ ಇಷ್ಟರಲ್ಲಿ ಅದು ಮುಗಿಯುವುದುಂಟು. ಈ ಶಾಸ್ತ್ರದಲ್ಲಿ ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಜೆರೆಸೆನಾಯ್ ಆಲೆಮ್‌ಸೆಗೆಡ್ ಅವರ ಕಾರ್ಯವೇ ನಿದರ್ಶನ. ಇಥಿಯೋಪಿಯದಲ್ಲಿ ಭೂವಿಜ್ಞಾನ ಓದಿ, ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದ ಅವರ ತಂಡಕ್ಕೆ 2000ದ ಡಿಸೆಂಬರಿನಲ್ಲಿ ಅಫಾರ್‌ನ ಡಿಕಿಕಾದಲ್ಲಿ ಸುಮಾರು 33 ಲಕ್ಷ ವರ್ಷಗಳ ಹಿಂದಿನ ಹೆಣ್ಣುಮಗುವೊಂದರ ಅವಶೇಷ ದೊರೆಯಿತು. ಎಲುಬುಗಳು ಗಟ್ಟಿಯಾದ ಮರಳುಗಲ್ಲಿನಲ್ಲಿ ಹುದುಗಿದ್ದುವು. ದಂತವೈದ್ಯರು ಬಳಸುವಂಥ ಉಪಕರಣದಿಂದ ಮರಳನ್ನು ಕಣಕಣವಾಗಿ ಬಿಡಿಸುತ್ತ ಅವರು ವರ್ಷಗಳನ್ನೇ ಕಳೆದರು. 2006ರಲ್ಲಿ ಮಾತ್ರ ಶೋಧವು ಪ್ರಕಟವಾಯಿತು. ಇಂಥ ಕೆಲಸಕ್ಕೆ ತಾಳ್ಮೆಯೊಂದಿದ್ದರೆ ಸಾಲದು. ಎಲುಬನ್ನು ಶುದ್ಧಿಗೊಳಿಸುವ ಪ್ರಯೋಗಶಾಲೆ, ಹೋಲಿಕೆಗಾಗಿ ಇತರ ಪ್ರಾಣಿಗಳ ಅಸ್ಥಿಸಂಗ್ರಹ, ಅಚ್ಚು ತೆಗೆಯಬಲ್ಲ ಕುಶಲಕರ್ಮಿಗಳು, ಹೊಸ ಪ್ರಬಂಧಗಳು ತಲಪುವ ಗ್ರಂಥಾಲಯ, ತಿಂಗಳು ತಿಂಗಳು ಸಂಬಳ ಬರುವ ಖಾಯಂ ಹುದ್ದೆ ಇವೆಲ್ಲ ಬೇಕು. ಒಬ್ಬ ವಿದ್ಯಾರ್ಥಿಯನ್ನು ಪರದೇಶಕ್ಕೆ ಕಳುಹಿಸಿ ಪದವಿ ಕೊಡಿಸುವುದು ಅರ್ಧ ಕಾರ್ಯ. ಅವನು ಮರಳಿ ಬಂದು ಕುಳಿತುಕೊಳ್ಳುವ ಪೀಠವನ್ನು ಸಿದ್ಧಪಡಿಸುವುದು ಉಳಿದರ್ಧ.

ಇಲ್ಲಿ ಮೂರು ಆಕ್ಷೇಪಗಳನ್ನು ಪರಿಶೀಲಿಸಬೇಕು. ಮೊದಲನೆಯದು: ಸತ್ಯಕ್ಕೆ ದೇಶವಿಲ್ಲ; ಎಲುಬಿನ ಉದ್ದವನ್ನು ಅಮೆರಿಕದವನು ಅಳೆದರೂ ಆಫ್ರಿಕದವನು ಅಳೆದರೂ ಅದು ಅಷ್ಟೇ ಇರುತ್ತದೆ; ಅಳೆಯುವವನು ಯಾರೆಂಬುದು ಏಕೆ ಮುಖ್ಯ? ಅಳತೆಯ ಮಟ್ಟಿಗೆ ಈ ಮಾತು ನಿಜ. ಆದರೆ ಶಾಸ್ತ್ರವು ಅಳತೆಯಲ್ಲಿ ನಿಲ್ಲುವುದಿಲ್ಲ. ಯಾವ ಪ್ರಶ್ನೆಯನ್ನು ಕೇಳಬೇಕು, ಯಾವ ಬೆಟ್ಟವನ್ನು ಹುಡುಕಬೇಕು, ಹಳೆಯ ಯಾವ ತೀರ್ಮಾನವನ್ನು ಶಂಕಿಸಬೇಕು ಎಂಬುದನ್ನು ಮನುಷ್ಯರು ನಿರ್ಧರಿಸುತ್ತಾರೆ. 2016ರಲ್ಲಿ ಅಫಾರ್‌ನ ವೊರಾನ್ಸೊ ಮಿಲ್ಲೆ ಪ್ರದೇಶದಲ್ಲಿ ಅಲಿ ಬೆರೆಯ್ನೊ ಎಂಬ ಸ್ಥಳೀಯ ಪಶುಪಾಲಕರೊಬ್ಬರು ಒಂದು ದವಡೆಯನ್ನು ಕಂಡು ಯೋಹಾನ್ನೆಸ್ ಹೈಲೆ ಸೆಲಾಸಿ ಅವರಿಗೆ ತಿಳಿಸಿದರು. ಅಲ್ಲಿಂದ 38 ಲಕ್ಷ ವರ್ಷಗಳ ಹಿಂದಿನ ಬಹುಮಟ್ಟಿಗೆ ಪೂರ್ಣವಾದ ಬುರುಡೆ ಹೊರಬಂದು 2019ರಲ್ಲಿ ಪ್ರಕಟವಾಯಿತು. ‘ಅನಾಮೆನ್ಸಿಸ್’ ಎಂಬ ಹಳೆಯ ಪ್ರಭೇದವು ಇಡಿಯಾಗಿ ಲೂಸಿಯ ಪ್ರಭೇದವಾಗಿ ಮಾರ್ಪಟ್ಟಿತೆಂದು ಹಿಂದಿನ ಪೀಳಿಗೆಯ ಅನೇಕ ವಿದ್ವಾಂಸರು ತಿಳಿದಿದ್ದರು. ಇವೆರಡೂ ಕನಿಷ್ಠ 1 ಲಕ್ಷ ವರ್ಷ ಒಟ್ಟಿಗೆ ಬದುಕಿದ್ದುವೆಂದು ಯೋಹಾನ್ನೆಸ್ ಅವರ ತಂಡ ವಾದಿಸಿತು. ಆ ವಾದಕ್ಕೆ ಮುಖ್ಯ ಆಧಾರವಾಗಿ ಒದಗಿದುದು ಬರ್ಹಾನೆ ಆಸ್ಫಾ ಅವರು ಮೂರು ದಶಕಗಳ ಹಿಂದೆ ಅಭ್ಯಸಿಸಿದ್ದ ಆ ಬೆಲೊಹ್ಡೆಲಿಯ ಹಣೆಯೆಲುಬೇ. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಒಪ್ಪಬೇಕೆಂಬ ನಿಯಮವೂ ಇಲ್ಲ. ಒಂದೇ ಕಡೆಯಿಂದ ನೋಡುತ್ತಿದ್ದ ವಸ್ತುವಿಗೆ ಇನ್ನೊಂದು ಕಡೆಯೂ ಉಂಟೆಂದು ತೋರಿಸುವವರು ಹೆಚ್ಚಿದಷ್ಟೂ ಸತ್ಯಕ್ಕೆ ಲಾಭವೇ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಅನ್ನ, ನೀರು, ಔಷಧಗಳಿಗೆ ಕೊರತೆಯಿರುವ ದೇಶವು ಹಳೆಯ ಎಲುಬುಗಳ ಅಧ್ಯಯನಕ್ಕೆ ಹಣ ವ್ಯಯಿಸುವುದು ಧರ್ಮವೇ? 1984ರಲ್ಲಿ ಕಿಮೆಯು ಅವರು ಆ ಬುರುಡೆಯ ಚೂರನ್ನು ಕಂಡ ವರ್ಷವೇ ನೆರೆಯ ಇಥಿಯೋಪಿಯವು ಘೋರ ಕ್ಷಾಮಕ್ಕೆ ತುತ್ತಾಗಿತ್ತೆಂಬುದನ್ನು ಮರೆಯಲಾಗದು. ಹಸಿದವನಿಗೆ ಮೊದಲು ಅನ್ನ ಎಂಬುದರಲ್ಲಿ ವಿವಾದವಿಲ್ಲ. ಆದರೆ ಈ ಆಕ್ಷೇಪವನ್ನು ಎತ್ತುವವರು ಒಂದನ್ನು ಗಮನಿಸಬೇಕು. ಆ ಎಲುಬುಗಳಿಗಾಗಿ ಹಣ ಹೇಗೂ ವ್ಯಯವಾಗುತ್ತಲೇ ಇದೆ. ಶ್ರೀಮಂತ ದೇಶಗಳ ಸಂಸ್ಥೆಗಳು ಅದನ್ನು ಒದಗಿಸುತ್ತಿವೆ. ಅದರಲ್ಲಿ ಎಷ್ಟು ಪಾಲು ಆ ನೆಲದ ವಿದ್ಯಾರ್ಥಿಗೂ ಅಲ್ಲಿನ ಪ್ರಯೋಗಶಾಲೆಗೂ ಸಲ್ಲುತ್ತದೆ ಎಂಬುದೇ ಇಲ್ಲಿನ ನೈತಿಕ ವಿಷಯ. ಬಡವನು ಉಣ್ಣಲಿ, ತಿಳಿಯುವ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ಮಾತಿನಲ್ಲಿ ಕರುಣೆಯ ಜೊತೆಗೆ ಅವಮಾನವೂ ಅಡಗಿದೆ. ಭೂಪದರಗಳನ್ನು ಓದಲು ಕಲಿತವನು ಅಂತರ್ಜಲವನ್ನೂ ಖನಿಜವನ್ನೂ ಅರಸಬಲ್ಲನೆಂಬ ಲೌಕಿಕ ಪ್ರಯೋಜನವೂ ಉಂಟು; ಅದನ್ನೇ ಮುಂದುಮಾಡಬೇಕಾಗಿಲ್ಲ.

ಮೂರನೆಯದು ಒಳಗಿನಿಂದಲೇ ಬರುವ ಎಚ್ಚರಿಕೆ. ‘ನಮ್ಮ ನೆಲ, ನಮ್ಮ ಎಲುಬು’ ಎಂಬ ಭಾವವು ಬಲಿತರೆ ಅದೂ ಒಂದು ಪರಿಗ್ರಹವೇ ಆದೀತು. ಹೊರಗಿನವನು ಕೂಡಿಟ್ಟರೆ ತಪ್ಪು, ಒಳಗಿನವನು ಕೂಡಿಟ್ಟರೆ ಸರಿ ಎಂದು ಹೇಳಲಾಗದು. ದೊರೆತ ಪಳೆಯುಳಿಕೆಯನ್ನು ವರ್ಷಾನುಗಟ್ಟಲೆ ಬೇರೆಯವರಿಗೆ ತೋರಿಸದೆ ಮುಚ್ಚಿಡುವ ಪ್ರವೃತ್ತಿಯು ಯಾವುದೇ ಒಂದು ದೇಶದವರ ಸೊತ್ತಲ್ಲ. ಆದ್ದರಿಂದ ತರಬೇತಿಯ ಗುರಿಯು ಒಡೆತನದ ಕೈಬದಲಾವಣೆಯಷ್ಟೇ ಆಗಬಾರದು. ಬಂದವರನ್ನು ಸಮಾನರಾಗಿ ಬರಮಾಡಿಕೊಂಡು ತೋರಿಸಬಲ್ಲ ಆತ್ಮವಿಶ್ವಾಸ ಬೆಳೆಯಬೇಕು. ಜೆರೆಸೆನಾಯ್ ಅವರೂ ಕೀನ್ಯಾದ ಎಮ್ಮಾ ಎಂಬುವಾ ಅವರೂ ಮುಂದೆ ನಿಂತು, ಪೂರ್ವ ಆಫ್ರಿಕದ ಪಳೆಯುಳಿಕೆ ವಿದ್ವಾಂಸರ ಸಂಘವೊಂದನ್ನು ಕಟ್ಟಿದುದು ಈ ದೃಷ್ಟಿಯಿಂದ ಉಲ್ಲೇಖನೀಯ. ತಮ್ಮ ನೆಲದ ಎಲುಬುಗಳ ಚರ್ಚೆಯನ್ನು ಕೇಳಲು ಸಾಗರ ದಾಟಬೇಕಾಗಿದ್ದ ವಿದ್ಯಾರ್ಥಿಗೆ ಆ ಚರ್ಚೆಯು ಅವನ ನೆರೆಯ ನಗರದಲ್ಲಿಯೇ ದೊರೆಯುವಂತಾಯಿತು. ಹೊರಗಿನ ವಿದ್ವಾಂಸರೂ ಅಲ್ಲಿಗೆ ಬರತೊಡಗಿದರು.

ಎಲ್ಲವೂ ಸರಿಹೋಯಿತೆಂದು ಇದರ ಅರ್ಥವಲ್ಲ. ಜೆರೆಸೆನಾಯ್ ಇಂದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಲೂಸಿಯನ್ನು ಕಂಡ ಜೋಹಾನ್ಸನ್ ಅವರು 1981ರಲ್ಲಿ ಸ್ಥಾಪಿಸಿದ ಮಾನವಮೂಲ ಸಂಸ್ಥೆಗೆ 2021ರಲ್ಲಿ ಯೋಹಾನ್ನೆಸ್ ಅವರು ನಿರ್ದೇಶಕರಾದರು. ಆ ಸಂಸ್ಥೆ ಇರುವುದು ಅಮೆರಿಕದ ಅರಿಜೋನಾದಲ್ಲಿ. ಲೂಸಿಯ ನೆಲದವನೇ ಆ ಪೀಠವನ್ನೇರಿದುದು ಒಂದು ಬಗೆಯಲ್ಲಿ ಋಣಸಂದಾಯ. ಪೀಠವು ಇನ್ನೂ ಆ ನೆಲದಲ್ಲಿಲ್ಲ ಎಂಬುದು ಉಳಿದಿರುವ ಬಾಕಿ. ಹೊರಟುಹೋದವರನ್ನು ದೂಷಿಸುವುದು ಸುಲಭವಾದರೂ ನ್ಯಾಯವಲ್ಲ. ಉಪಕರಣ, ಸಹೋದ್ಯೋಗಿಗಳು, ನಿಶ್ಚಿತವಾದ ವೇತನ ಇರುವೆಡೆಗೆ ವಿದ್ವಾಂಸನು ಹೋಗುತ್ತಾನೆ. ಅಲ್ಲಿದ್ದುಕೊಂಡೇ ತಾಯ್ನಾಡಿನ ಮಕ್ಕಳಿಗೆ ಕಲಿಸುತ್ತಿರುವವರೂ ಉಂಟು.

ಹಾಗಾದರೆ ಕಲಿಸಿದ್ದು ನಿಜವಾಗಿಯೂ ಕಲಿಸಿದ್ದೇ ಎಂದು ಅಳೆಯುವ ಕೋಲು ಯಾವುದು? ಶಿಷ್ಯನು ಗುರುವಿನ ತೀರ್ಮಾನವನ್ನು ಸಕಾರಣವಾಗಿ ನಿರಾಕರಿಸಬಲ್ಲನೇ, ನಿರಾಕರಿಸಿದ ಮೇಲೂ ಅವನ ಹುದ್ದೆ, ಅವನ ಧನಸಹಾಯ, ಅವನ ಪ್ರಕಟಣೆ ಉಳಿಯುತ್ತವೆಯೇ ಎಂಬುದೇ ನನ್ನ ದೃಷ್ಟಿಯಲ್ಲಿ ಆ ಅಳತೆಗೋಲು. ಹೇಳಿದಂತೆ ಅಗೆಯಬಲ್ಲವನು ಸಹಾಯಕ. ಎಲ್ಲಿ ಅಗೆಯಬೇಕು, ಎಲ್ಲಿ ಬೇಡ ಎಂದು ಹೇಳಬಲ್ಲವನು ವಿದ್ವಾಂಸ. ಮೊದಲನೆಯವನನ್ನು ರೂಪಿಸುವುದು ಔದಾರ್ಯದಿಂದಲೂ ಸಾಧ್ಯ, ಸ್ವಾರ್ಥದಿಂದಲೂ ಸಾಧ್ಯ. ಎರಡನೆಯವನನ್ನು ರೂಪಿಸಲು ಕಲಿಸುವವನು ತನ್ನ ಅಧಿಕಾರದ ಒಂದು ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ. ಈ ಬಿಟ್ಟುಕೊಡುವಿಕೆ ಇಲ್ಲದಿದ್ದರೆ ದಾನವು ಕೊಟ್ಟವನ ಕೀರ್ತಿಯನ್ನು ಬೆಳೆಸುತ್ತದೆ, ಪಡೆದವನನ್ನು ಬೆಳೆಸುವುದಿಲ್ಲ.

ಈ ವಿಚಾರವು ನಮಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಭಾರತದಲ್ಲಿ ಪ್ರಾಚೀನ ಶಿಲಾಯುಗದ ಉಪಕರಣವನ್ನು ಮೊದಲು ಗುರುತಿಸಿದವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ, ಮದರಾಸಿನ ಬಳಿಯ ಪಲ್ಲಾವರದಲ್ಲಿ. ನಮ್ಮಲ್ಲಿ ಆ ವಿದ್ಯೆ ಹೊರಗಿನವರ ಕೈಯಲ್ಲಿಯೇ ನಿಲ್ಲದಿದ್ದುದಕ್ಕೆ ಒಂದು ದೊಡ್ಡ ಕಾರಣ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್. ಡಿ. ಸಾಂಕಾಲಿಯಾ ಅವರು 1939ರಿಂದ ದಶಕಗಳ ಕಾಲ ಶಿಷ್ಯರನ್ನು ಸಿದ್ಧಪಡಿಸಿದುದು. ಅದೇ ಸಂಸ್ಥೆಯ ಕೆ. ಪದ್ದಯ್ಯ ಅವರು ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ವರ್ಷಗಟ್ಟಲೆ ನಡೆದಾಡಿ, ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಕಾರ್ಯಸ್ಥಾನವನ್ನು ಬೆಳಕಿಗೆ ತಂದರು. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಿಸಲಾಗಿದೆ. 1982ರಲ್ಲಿ ನರ್ಮದಾ ದಡದ ಹಥ್ನೋರಾದಲ್ಲಿ ಪುರಾತನ ಬುರುಡೆಯನ್ನು ಕಂಡ ಅರುಣ್ ಸೋನಕಿಯಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು. ಒಬ್ಬ ಗುರು ಒಂದು ಪೀಠದಲ್ಲಿ ನೆಲೆನಿಂತು ಕಲಿಸಿದರೆ ಅದರ ಫಲವು ಎಷ್ಟು ದೂರ ಹರಡುತ್ತದೆಂಬುದಕ್ಕೆ ಡೆಕ್ಕನ್ ಕಾಲೇಜಿನ ಪರಂಪರೆಯೇ ಸಾಕ್ಷಿ.

ಆದರೂ ಹುಣಸಗಿಯ ಶಾಲೆಯೊಂದರ ಬಾಲಕಿಗೆ ತನ್ನೂರಿನ ಕಲ್ಲುಗಳನ್ನು ಓದುವ ವಿದ್ಯೆಯನ್ನು ಕಲಿಯಬೇಕೆನಿಸಿದರೆ ಅವಳ ದಾರಿ ಇಂದಿಗೂ ಸುಗಮವಲ್ಲ. ವೈದ್ಯಕೀಯಕ್ಕೂ ಎಂಜಿನಿಯರಿಂಗಿಗೂ ವಿದ್ಯಾರ್ಥಿವೇತನ ನೀಡುವ ಕುಟುಂಬಗಳು, ಟ್ರಸ್ಟುಗಳು ನಮ್ಮಲ್ಲಿ ಅನೇಕ. ಮಣ್ಣನ್ನೂ ಕಲ್ಲನ್ನೂ ಎಲುಬನ್ನೂ ಓದುವ ವಿದ್ಯೆಗೆ ನೆರವಾಗುವವರು ವಿರಳ. ಅದರಿಂದ ಕೂಡಲೆ ಕಾಣುವ ಲಾಭವಿಲ್ಲ. ಕಟ್ಟಡದ ಮೇಲೆ ಹೆಸರು ಕೆತ್ತಿಸುವ ಅವಕಾಶವೂ ಕಡಿಮೆ. ನೀಡುವವರು ಒಂದು ವರ್ಷದ ಶುಲ್ಕವನ್ನು ಕೊಟ್ಟು ಕೈತೊಳೆದುಕೊಳ್ಳದೆ, ವಿದ್ಯಾರ್ಥಿಯು ಕಲಿತು ಬಂದು ತನ್ನ ನೆಲದಲ್ಲಿ ನಿಲ್ಲುವವರೆಗೆ ಜೊತೆಯಲ್ಲಿದ್ದರೆ ಆ ದಾನಕ್ಕೆ ಅರ್ಥ ಬರುತ್ತದೆ. ಅವಳು ಮುಂದೆ ತನಗೆ ಕಲಿಸಿದವರ ಮಾತನ್ನೇ ಪ್ರಶ್ನಿಸಿದರೆ ನೊಂದುಕೊಳ್ಳಬೇಕಾಗಿಲ್ಲ. ಕೊಟ್ಟದ್ದು ಅವಳಿಗೆ ತಲಪಿತೆಂದು ತಿಳಿದು ಸಮಾಧಾನಪಡಬಹುದು.